ದುಡಿಮೆ ಎಲೆಕ್ಟ್ರಾನಿಕ್ ಸಿಟೀಲಿ, ವೋಟು ಊರಲ್ಲಿ

ಇವತ್ತಿನ ಕಥೆ ಒಂದು ನೀರಿನ ಟ್ಯಾಂಕರ್‌ನಿಂದ ಶುರುವಾಗುತ್ತೆ.

2024ರ ಬೇಸಿಗೆ. ಬೆಂಗಳೂರಲ್ಲಿ ನೀರಿಗೆ ಹಾಹಾಕಾರ. ನಾನಿದ್ದದ್ದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಒಂದು ಪಿ.ಜಿ.ಯಲ್ಲಿ. ನಮ್ಮ ಮಹಡೀಲಿ ಚನ್ನಗಿರಿಯವನು ಒಬ್ಬ, ಹೊನ್ನಾಳಿಯವನು ಒಬ್ಬ, ಜಗಳೂರಿನವರು ಇಬ್ಬರು, ನ್ಯಾಮತಿಯವನು ನಾನು. ಎರಡು ದಿನ ಟ್ಯಾಂಕರ್ ಬರಲಿಲ್ಲ. "ಆಂಟಿ, ಇದನ್ನ ಯಾರ ಹತ್ರ ಕೇಳ್ಬೇಕು?" ಅಂದೆ. ಪಿ.ಜಿ. ಆಂಟಿ ನಕ್ಕುಬಿಟ್ರು. "ನಿನ್ನ ವೋಟು ಇಲ್ಲಿದೆಯೇನಪ್ಪಾ?"

ಇರಲಿಲ್ಲ. ನಾವು ಐದು ಜನರಲ್ಲಿ ಒಬ್ಬರದ್ದೂ ಇರಲಿಲ್ಲ. ಇದು ಹೇಗಾಯ್ತು ಅಂತ ಹಿಂದಕ್ಕೆ ಹೋಗಿ ನೋಡೋಣ.

ಮೊದಲು ನಮ್ಮ ಕಡೆಯ ಪೇಟೆ, ದಾವಣಗೆರೆ. ಹೈದರಾಲಿ ಈ ಊರನ್ನ ಅಪೋಜಿ ರಾಮ ಅನ್ನೋ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ವ್ಯಾಪಾರಿಗಳು ಬಂದು ಇಲ್ಲೇ ನೆಲೆಸಲಿ ಅಂತ ಅವನು ಪ್ರೋತ್ಸಾಹ ಕೊಟ್ಟ. 'ನೆಲೆಸಲಿ' ಅನ್ನೋ ಮಾತು ನೆನಪಿಟ್ಕೊಳ್ಳಿ. ಆಮೇಲೆ 1889ರ ಹೊತ್ತಿಗೆ ಹರಿಹರದವರೆಗೆ ರೈಲು ಬಂತು. 20ನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದವು, ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಹೆಸರು ಬಂತು. ಹಳೇ ಪೇಟೆ ಬೀದೀಲಿ ಮುಂದೆ ಅಂಗಡಿ, ಹಿಂದೆ ಮನೆ. ಹಮಾಲನ ಮಾತಿಗೂ ಸಾಹುಕಾರನ ಮಾತಿಗೂ ಒಂದೇ ತೂಕ ಇತ್ತು ಅಂತ ನಾನು ಹೇಳಲ್ಲ. ಆದ್ರೆ ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡ್ರೆ ವಾಸನೆ ಮಾಲೀಕನ ಅಡುಗೆಮನೆಗೂ ಹೋಗ್ತಿತ್ತು.

ಈಗ ಎಲೆಕ್ಟ್ರಾನಿಕ್ ಸಿಟಿಗೆ ಬನ್ನಿ. 1978ರಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಇದನ್ನ ಶುರು ಮಾಡ್ತು. ಕನಸು ಕಂಡವರು ಆರ್.ಕೆ. ಬಾಳಿಗ. ಆ ಜಾಗ ಮೀಸಲಾಗಿದ್ದು ಎಲೆಕ್ಟ್ರಾನಿಕ್ಸ್ ಕೈಗಾರಿಕೆಗೆ. 1991ರ ಉದಾರೀಕರಣದ ನಂತರ ಸಾಫ್ಟ್‌ವೇರ್ ಬೆಳೀತು, 1994ರಲ್ಲಿ ಇನ್ಫೋಸಿಸ್ ಬಂತು. ಜನ ಎಲ್ಲಿಂದ ಬರ್ಬೇಕು? ಅದಕ್ಕೆ 2010ರಲ್ಲಿ ಸುಮಾರು 10 ಕಿಲೋಮೀಟರ್ ಮೇಲ್ಸೇತುವೆ, 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ. ಬೆಳಗ್ಗೆ ಕರ್ಕೊಂಡು ಬಾ, ಸಂಜೆ ಬಿಟ್ಟು ಬಾ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪುರಸಭೆ, ನಗರಸಭೆಗಳಿಗೆ ಸಂವಿಧಾನದ ಬಲ ಕೊಟ್ಟಿದ್ದು 74ನೇ ತಿದ್ದುಪಡಿ. ಅದರ 243ಕ್ಯೂ ವಿಧಿಯಲ್ಲೇ ಒಂದು ವಿನಾಯಿತಿ ಇದೆ. ಉದ್ಯಮಗಳೇ ರಸ್ತೆ, ದೀಪ, ಕಸದ ವ್ಯವಸ್ಥೆ ನೋಡಿಕೊಳ್ಳೋ ಜಾಗವನ್ನ 'ಕೈಗಾರಿಕಾ ಟೌನ್‌ಶಿಪ್' ಅಂತ ಘೋಷಿಸಬಹುದು. ಆಗ ಅಲ್ಲಿ ಚುನಾಯಿತ ಪುರಸಭೆ ಬೇಕಾಗಿಲ್ಲ. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಅಂಥ ಟೌನ್‌ಶಿಪ್ ಆಯ್ತು. ಕಾಮರ್ಸ್ ಓದಿದವನಿಗೆ ಲೆಕ್ಕ ಚೊಕ್ಕವಾಗೇ ಕಾಣುತ್ತೆ: ಆಸ್ತಿ ತೆರಿಗೆಯ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತೆ, ಒಳಗಿನ ರಸ್ತೆ ನೀಟಾಗಿರುತ್ತೆ. ಆದ್ರೆ ನಾವು ಮಲಗೋದು ಆ ಗಡಿಯ ಆಚೆ, ನೀಲಾದ್ರಿ ರಸ್ತೆ, ದೊಡ್ಡತೋಗೂರು ಕಡೆಯ ಪಿ.ಜಿ.ಗಳಲ್ಲಿ. ದುಡಿಯೋ ಜಾಗದಲ್ಲಿ ವಾರ್ಡೇ ಇಲ್ಲ. ಮಲಗೋ ಜಾಗದಲ್ಲಿ ಮತದಾರರ ಪಟ್ಟಿ ಇದೆ, ಅದರಲ್ಲಿ ನಮ್ಮ ಹೆಸರಿಲ್ಲ.

ಅದೇ 2024ರಲ್ಲಿ ಬೆಂಗಳೂರು ಏಪ್ರಿಲ್ 26ಕ್ಕೆ ವೋಟು ಹಾಕ್ತು. ಅವತ್ತು ನಾವು ರೂಮಲ್ಲಿ ಮಲಗಿದ್ವಿ. ದಾವಣಗೆರೆ ಕ್ಷೇತ್ರದ ಮತದಾನ ಮೇ 7ಕ್ಕೆ. ಹಿಂದಿನ ರಾತ್ರಿ ಐದೂ ಜನ ಬಸ್ಸು ಹತ್ತಿದ್ವಿ. ಊರಲ್ಲಿ ಬೆರಳಿಗೆ ಶಾಯಿ ಹಾಕಿಸ್ಕೊಂಡು ಬಂದ ಮೇಲೆ ಅಜ್ಜ ಕೇಳಿದ್ರು, "ಅಲ್ಲಲೇ, ವರ್ಷಕ್ಕೆ ಹತ್ತು ದಿನ ಇರೋ ಊರಿಗೆ ವೋಟು ಹಾಕ್ತೀಯ, ನೀರು ಕುಡಿಯೋ ಊರಿಗೆ ಹಾಕಲ್ಲ. ಇದ್ಯಾವ ಲೆಕ್ಕ?"

ವಿಳಾಸ ಬದಲಾಯಿಸೋಕೆ ಫಾರಂ 8 ಇದೆ, ಫೋನಲ್ಲೇ ತುಂಬಬಹುದು. ನಾನು ಎರಡು ಸಲ ತೆರೆದು ಮುಚ್ಚಿದೀನಿ. ನ್ಯಾಮತಿಯ ಪಟ್ಟಿಯಿಂದ ಹೆಸರು ಹೋಗುತ್ತಲ್ಲ, ಅದಕ್ಕೆ ಕೈ ಬರ್ತಿಲ್ಲ. ಆದ್ರೆ ಟ್ಯಾಂಕರ್ ಕೇಳೋ ಹಕ್ಕು ಬೇಕು ಅಂದ್ರೆ ಒಂದನ್ನ ಬಿಡಲೇಬೇಕು.

ನಿಮ್ಮ ವೋಟು ಎಲ್ಲಿದೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.