ಈಡನ್ ಹಾಸ್ಟೆಲಿನ ಪಂಕ್ತಿಭೇದ

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಈಡನ್ ಹಿಂದೂ ಹಾಸ್ಟೆಲ್ ಆರಂಭವಾದದ್ದು 1886ರಲ್ಲಿ. ಪರಊರುಗಳಿಂದ ಓದಲು ಬರುತ್ತಿದ್ದ ಹಿಂದೂ ವಿದ್ಯಾರ್ಥಿಗಳ ಈ ನಿಲಯಕ್ಕೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಆಶ್ಲಿ ಈಡನ್ ಅವರ ಹೆಸರಿಟ್ಟರು. 1902ರಲ್ಲಿ ಬಿಹಾರದಿಂದ ಕಾಲೇಜಿಗೆ ಬಂದ ರಾಜೇಂದ್ರ ಪ್ರಸಾದ್ ಇಲ್ಲಿಯೇ ಇದ್ದು ಓದಿದರು.

ಆದರೆ ಸೂರು ಒಂದೇ ಆದ ಮಾತ್ರಕ್ಕೆ ಪಂಕ್ತಿ ಒಂದೇ ಆಗಿರಲಿಲ್ಲ. 1911ರಲ್ಲಿ ಢಾಕಾ ಬಳಿಯ ಹಳ್ಳಿಯಿಂದ ಮೇಘನಾದ ಸಹಾ ಬಂದರು. ಸಣ್ಣ ಅಂಗಡಿಕಾರನ ಮಗ. ಕೆಳಜಾತಿಯವನೆಂಬ ಕಾರಣಕ್ಕೆ ಮೇಲ್ಜಾತಿಯ ಕೆಲವರು ಅವರೊಡನೆ ಕುಳಿತು ಉಣ್ಣಲು ಒಪ್ಪಲಿಲ್ಲ. ಸರಸ್ವತಿ ಪೂಜೆಯಲ್ಲಿಯೂ ಅವರನ್ನು ದೂರವಿಟ್ಟರು. ಕಡೆಗೆ ಸಹಾ ಕೆಲವು ಗೆಳೆಯರೊಂದಿಗೆ ಹಾಸ್ಟೆಲ್ ಬಿಟ್ಟು ಖಾಸಗಿ ಮೆಸ್ ಸೇರಿದರು.

ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣಾಂಶವನ್ನು ತಿಳಿಯಲು ದಾರಿ ಮಾಡಿಕೊಟ್ಟ ಸಹಾ ಸಮೀಕರಣ 1920ರಲ್ಲಿ ಪ್ರಕಟವಾಯಿತು. 1952ರಲ್ಲಿ ಅವರು ಲೋಕಸಭೆಗೂ ಆಯ್ಕೆಯಾದರು. 1956ರ ಫೆಬ್ರವರಿ 16ರಂದು ರಾಷ್ಟ್ರಪತಿ ಭವನದಲ್ಲಿದ್ದ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಆಗ ಆ ಭವನದಲ್ಲಿ ರಾಷ್ಟ್ರಪತಿಯಾಗಿದ್ದವರು ಅದೇ ಹಾಸ್ಟೆಲಿನ ರಾಜೇಂದ್ರ ಪ್ರಸಾದ್.

ಇಬ್ಬರೂ ನಮ್ಮವರೆಂದು ಈಡನ್ ಹಾಸ್ಟೆಲ್ ಹೆಮ್ಮೆಪಡಬಹುದು. ಆದರೆ ಸಹಾ ಅವರನ್ನು ನೆನೆಯುವಾಗ ಅವರಿಗೆ ಎಲೆ ಹಾಕದ ಆ ಪಂಕ್ತಿಯನ್ನೂ ನೆನೆಯಬೇಕಾಗುತ್ತದೆ.