ಇಸಿಜಿಯಲ್ಲಿ ‘ಬ್ಲಾಕ್’ ಅಂದರೆ ರಕ್ತನಾಳ ಕಟ್ಟಿದೆ ಎಂದರ್ಥವೇ?

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ದಿನ ಇಸಿಜಿ ಚೀಟಿಯ ಫೋಟೊ ಬಂತು. ಮೇಲೆ ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂದು ಅಚ್ಚಾಗಿತ್ತು. ಕೆಳಗೆ ಮಗನ ಪ್ರಶ್ನೆ: “ಅಪ್ಪಗ ಹಾರ್ಟಿನಾಗ ಬ್ಲಾಕ್ ಅದ ಅಂತ, ಏನ್ ಮಾಡ್ಬೇಕ್ರಿ?” ಸ್ವಲ್ಪ ಹೊತ್ತಿನಲ್ಲೇ ಅರಳಿ ಎಲೆ ಕಷಾಯ, ಬೆಳ್ಳುಳ್ಳಿ-ಶುಂಠಿ-ನಿಂಬೆ ರಸ, ಸೋರೆಕಾಯಿ ಜ್ಯೂಸ್ ಎಂದು ಮೂರು ಫಾರ್ವರ್ಡ್‌ಗಳು ಬಂದವು. ಮೂರೂ ‘ಬ್ಲಾಕೇಜ್ ಕರಗಿಸುವ’ ಮದ್ದುಗಳು. ಆದರೆ ಆ ಚೀಟಿಯಲ್ಲಿ ಬ್ಲಾಕೇಜಿನ ಮಾತೇ ಇರಲಿಲ್ಲ.

ಇಂಗ್ಲಿಷಿನಲ್ಲಿ ಬ್ಲಾಕ್ ಎಂದರೆ ಮೊದಲಿಗೆ ಮರದ ದಿಮ್ಮಿ. ಅಡ್ಡಿ, ತಡೆ ಎಂಬ ಅರ್ಥ ಆಮೇಲೆ ಬಂದದ್ದು. ನಾವು ನಂಬರ್ ಬ್ಲಾಕ್ ಮಾಡುತ್ತೇವೆ, ರಸ್ತೆ ಬ್ಲಾಕ್ ಆಗಿದೆ ಅನ್ನುತ್ತೇವೆ, ಗೋಡೆಗೆ ಸಿಮೆಂಟ್ ಬ್ಲಾಕ್ ತರುತ್ತೇವೆ. ಬಿಇಒ ಕಚೇರಿಯ ‘ಬಿ’ ಕೂಡ ಬ್ಲಾಕೇ, ಅಲ್ಲಿ ಅದು ಆಡಳಿತದ ಒಂದು ಭಾಗ. ಇಲ್ಲೆಲ್ಲ ಯಾರಿಗೂ ಗೊಂದಲವಾಗುವುದಿಲ್ಲ. ಗೊಂದಲ ಹೃದಯದ ವಿಷಯದಲ್ಲಿ ಮಾತ್ರ.

ಹೃದಯವನ್ನು ಮನೆಯಂತೆ ನೋಡಿ. ಅದಕ್ಕೆ ನಳದ ಪೈಪೂ ಇದೆ, ಕರೆಂಟಿನ ವೈರಿಂಗೂ ಇದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಒಳಗೋಡೆಗೆ ಕೊಬ್ಬು ಸೇರಿ ದಾರಿ ಕಿರಿದಾದರೆ ಅದು ಬ್ಲಾಕೇಜ್. ಇದನ್ನು ನೇರವಾಗಿ ತೋರಿಸುವುದು ಆಂಜಿಯೋಗ್ರಾಮ್. ಔಷಧಿ, ಸ್ಟೆಂಟ್, ಬೈಪಾಸ್ ಇದರ ಚಿಕಿತ್ಸೆಗಳು. ‘ಹಾರ್ಟ್ ಬ್ಲಾಕ್’ ಎಂಬುದು ವೈರಿಂಗಿನದು: ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂಕೇತ ತಡವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಫಸ್ಟ್ ಡಿಗ್ರಿಗೆ ಹೆಚ್ಚಿನವರಲ್ಲಿ ಚಿಕಿತ್ಸೆಯೇ ಬೇಡ, ಥರ್ಡ್ ಡಿಗ್ರಿಗೆ ಸಾಮಾನ್ಯವಾಗಿ ಪೇಸ್‌ಮೇಕರ್ ಬೇಕು. ಬಂಡಲ್ ಬ್ರಾಂಚ್ ಬ್ಲಾಕ್ ಅದೇ ವೈರಿನ ಒಂದು ಕವಲಿನ ತಡೆ. ಬಲಗಡೆಯದು ಆರೋಗ್ಯವಂತರಲ್ಲೂ ಕಾಣುತ್ತದೆ. ಎಡಗಡೆಯದು ಹೊಸದಾಗಿ ಕಂಡರೆ ವೈದ್ಯರು ಹೆಚ್ಚು ತಪಾಸಣೆ ಮಾಡುತ್ತಾರೆ.

ವರದಿ ಓದುವಾಗ ಒಂದು ಗುರುತು: ಶೇಕಡಾ ಲೆಕ್ಕ (70%, 90%) ಇದ್ದರೆ ಅದು ಪೈಪಿನ ಮಾತು. ಡಿಗ್ರಿ ಅಥವಾ ಬ್ರಾಂಚ್ ಎಂದಿದ್ದರೆ ವೈರಿಂಗಿನದು.

ಇನ್ನು ಆ ಕಷಾಯಗಳು. ಅರಳಿ ಎಲೆಯಿಂದಾಗಲಿ ಬೆಳ್ಳುಳ್ಳಿಯಿಂದಾಗಲಿ ಕಟ್ಟಿದ ರಕ್ತನಾಳ ತೆರೆದುಕೊಳ್ಳುತ್ತದೆ ಎನ್ನಲು ಪುರಾವೆ ಇಲ್ಲ. ವೈರಿಂಗಿನ ತೊಂದರೆಗಂತೂ ಅವುಗಳಿಗೂ ಸಂಬಂಧವೇ ಇಲ್ಲ. ಸೋರೆಕಾಯಿ ರಸದಲ್ಲಿ ಬೇರೆ ಅಪಾಯವಿದೆ: ರಸ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಿರುತ್ತದೆ. ಕುಡಿದು ರಕ್ತವಾಂತಿಯಾದವರಿದ್ದಾರೆ, ಸತ್ತವರೂ ಇದ್ದಾರೆ. ಕಹಿ ಅನಿಸಿದರೆ ಚೆಲ್ಲಿಬಿಡಿ ಎಂದು ಐಸಿಎಂಆರ್ ತಜ್ಞರ ಸಮಿತಿಯೇ ಹೇಳಿದೆ.

ಇದರ ಉಲ್ಟಾ ತಪ್ಪು ಇನ್ನೂ ದೊಡ್ಡದು. ಇಸಿಜಿ ನಾರ್ಮಲ್ ಬಂತು, ಬ್ಲಾಕ್ ಇಲ್ಲ ಎಂದು ಸುಮ್ಮನಾಗುವುದು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಬ್ಲಾಕೇಜ್ ಕಾಣದೆಯೂ ಇರಬಹುದು. ಎದೆ ಒತ್ತಿದಂತಾಗಿ ನೋವು ಎಡಗೈಗೋ ದವಡೆಗೋ ಹರಡಿ ಬೆವರಿದರೆ ಗ್ರೂಪಿನಲ್ಲಿ ಕೇಳುತ್ತ ಕೂಡಬೇಡಿ, 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.