ಗುಂಡು ಹಾರಿದ ವರ್ಷ

ನಮ್ಮಮ್ಮ ಹುಟ್ಟಿದ ವರ್ಷ ಯಾವ್ದು ಅಂತ ಕೇಳಿದ್ರೆ ಅಜ್ಜಿ ಒಂದೇ ಮಾತು ಹೇಳೋರು, "ಗುಂಡು ಹಾರಿದ್ ವರ್ಷ." ಗೌರಿಬಿದನೂರು ಕಡೆ ಹಳ್ಳಿಯೋರು ಅವ್ರು. ಯಾವ ಗುಂಡು, ಯಾರು ಹಾರಿಸಿದ್ರು ಅಂತ ನಾವು ಒಂದಿನಾನೂ ಕೇಳ್ಲಿಲ್ಲ. ಕೆಲ್ಸ ಮಾಡ್ತಾ ಏನೋ ಹೇಳ್ತಾರೆ ಅಂತ ಸುಮ್ನಾಗ್ಬಿಡ್ತಿದ್ವಿ.

ಹೋದ ತಿಂಗ್ಳು ಚಿಂತಾಮಣಿ ತಂಗಿ, ನಾನು, ನನ್ನ ಸೊಸೆ ವಿದುರಾಶ್ವತ್ಥಕ್ಕೆ ಹೋಗಿದ್ವಿ. ನಮ್ಮ ಶಿಡ್ಲಘಟ್ಟದಿಂದ ಬೆಳಿಗ್ಗೆನೇ ಚಿತ್ರಾನ್ನ ಕಟ್ಕೊಂಡು ಹೊರಟ್ವಿ. ಚಿಕ್ಕಬಳ್ಳಾಪುರ ದಾಟೋವಾಗ ನಂದಿಬೆಟ್ಟದ ತಲೆ ಮೇಲೆ ಮೋಡ ಕೂತಿತ್ತು. ಆ ಬೆಟ್ಟಸಾಲಲ್ಲಿ ಹುಟ್ಟೋ ಉತ್ತರ ಪಿನಾಕಿನಿನೇ ವಿದುರಾಶ್ವತ್ಥದ ಪಕ್ಕ ಹರಿಯೋದು. ಗೌರಿಬಿದನೂರಿಂದ ಹಿಂದೂಪುರದ ಕಡೆಗೆ ಆರೇಳು ಕಿಲೋಮೀಟರ್ ಅಷ್ಟೇ.

ಮಹಾಭಾರತದ ವಿದುರ ನೆಟ್ಟಿದ್ದು ಅಂತ ಹೇಳೋ ಹಳೇ ಅರಳಿಮರ 2001ರಲ್ಲಿ ಬಿದ್ದೋಯ್ತು. ಆದ್ರೂ ನಾಗರಕಲ್ಲುಗಳು ಸಾವಿರಾರು. ಮಕ್ಕಳಾಗ್ಲಿ ಅಂತ ಹರಕೆ ಹೊತ್ತೋರು ಬರ್ತಾನೇ ಇರ್ತಾರೆ. ನಾನೂ ಹತ್ತು ಸಲ ಹೋಗಿರ್ಬೇಕು. ಅರಿಶಿನ ಹಚ್ಚಿ, ಹಾಲೆರೆದು, ಪ್ರದಕ್ಷಿಣೆ ಹಾಕಿ, ಊಟ ಮಾಡಿ ವಾಪಸ್. ಅಲ್ಲೇ ಇರೋ ವೀರಸೌಧಕ್ಕೆ ಒಂದ್ಸಲಾನೂ ಕಾಲಿಟ್ಟಿರ್ಲಿಲ್ಲ. ಈ ಸಲ ಸೊಸೆ ಎಳ್ಕೊಂಡು ಹೋದ್ಲು.

ಅಲ್ಲಿ ತಾರೀಕು ನೋಡಿದೆ: 1938ರ ಏಪ್ರಿಲ್ 25. ಎದೆ ಧಸಕ್ ಅಂತು. ಅಜ್ಜಿ ಹೇಳ್ತಿದ್ದ ವರ್ಷ!

ಆಗ ನಮ್ದು ಮೈಸೂರು ಮಹಾರಾಜರ ಸೀಮೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕಾಂಗ್ರೆಸ್ಸಿನ ಬಾವುಟ ಹಾರಿಸ್ಬಾರ್ದು ಅಂತ ಸರ್ಕಾರ ತಡೀತಿತ್ತು. ಅದೇ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಆಮೇಲೆ ಇಲ್ಲಿ. ಸುತ್ತಮುತ್ತಲ ಹಳ್ಳಿಗಳಿಂದ ಜನ ಸೇರಿದ್ರು. ಪೊಲೀಸ್ರು ಗುಂಡು ಹಾರಿಸಿದ್ರು. ಸತ್ತೋರು ಹತ್ತು ಅಂತ ಸರ್ಕಾರ ಹೇಳ್ತು, ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಇದನ್ನ ಕರೀತಾರೆ.

ಸುದ್ದಿ ದೇಶಕ್ಕೆಲ್ಲಾ ಮುಟ್ತು. ಮೇ ತಿಂಗ್ಳಲ್ಲಿ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವ್ರು ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತಾಡಿದ್ರು. ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಾನೂ ಹಾರಿಸ್ಬಹುದು ಅಂತ ಒಪ್ಪಂದ ಆಯ್ತು. ಈಗ ಆಗಸ್ಟ್ 15ಕ್ಕೆ ಮಕ್ಕಳ ಕೈಗೆ ಹತ್ತು ರೂಪಾಯಿ ಬಾವುಟ ಕೊಡ್ಸ್ತೀವಲ್ಲ, ಅಂಥದ್ದೊಂದನ್ನ ಎತ್ತಿ ಹಿಡಿಯೋಕೆ ನಮ್ಮ ಸೀಮೆಯೋರೇ ಪ್ರಾಣ ಕೊಟ್ಟವ್ರೆ.

ಸ್ತೂಪದ ಮುಂದೆ ನಿಂತು ಅಜ್ಜೀನೇ ನೆನೆಸ್ಕೊಂಡೆ. ಬಸುರಿ ಹೆಂಗ್ಸು, ಹತ್ತಿರದಲ್ಲೇ ಮನೆ. ಆವತ್ತು ಏನು ಕೇಳಿಸ್ತೋ, ಯಾರು ಓಡಿ ಬಂದ್ರೋ, ಎಷ್ಟು ಹೆದರಿದ್ರೋ. ಒಂದು ಮಾತು ಕೇಳಿದ್ರೆ ಹೇಳ್ತಿದ್ರು. ಈಗ ಅಜ್ಜೀನೂ ಇಲ್ಲ, ಅಮ್ಮಾನೂ ಇಲ್ಲ.

ವಿದುರಾಶ್ವತ್ಥಕ್ಕೆ ಹೋದ್ರೆ ನಾಗಪ್ಪನಿಗೆ ಹಾಲೆರೆದ ಮೇಲೆ ಹತ್ತು ನಿಮಿಷ ವೀರಸೌಧಕ್ಕೂ ಹೋಗ್ಬನ್ನಿ, ಮಕ್ಕಳನ್ನೂ ಕರ್ಕೊಂಡು. ಮನೇಲಿ ಹಿರೀಕ್ರು ಇದ್ರೆ "ಬರದ ವರ್ಷ", "ಪ್ಲೇಗಿನ ವರ್ಷ" ಅಂದಾಗ ಸುಮ್ನಿರ್ಬೇಡಿ ಕಣ್ರೇ. ಪಕ್ಕದಲ್ಲಿ ಕೂತು ಕೇಳಿ.